ನಾಯಿಗೆ ಗೂಡು ಕಟ್ಟೋರು ಮೊದ್ಲು ಶೀಟ್ ತರಬೇಡಿ: ಹೊರಗಡೆ ಗೂಡು, ಓಡಾಡೋ ರನ್ ಕಟ್ಟೋ ಸಮಗ್ರ ಮಾರ್ಗದರ್ಶಿ

ಹೋದ ತಿಂಗ್ಳು ಮದ್ದೂರು ಕಡೆಯಿಂದ ಒಬ್ರು ಫೋಟೋ ಕಳಿಸಿದ್ರು. ಹೊಸ ಜಿಂಕ್ ಶೀಟು, ಕಬ್ಬಿಣದ ಫ್ರೇಮು, ಗೇಟಿಗೆ ಹಸಿರು ಪೇಂಟು, ಮೇಲೆ ನಾಯಿ ಹೆಸರು ಬೇರೆ ಬರ್ಸಿದಾರೆ. ನಾಯಿ ಮಾತ್ರ ಪಕ್ಕದಲ್ಲಿ ನಿಂತಿರೋ ಟ್ರ್ಯಾಕ್ಟರ್ ಟ್ರೈಲರ್ ಕೆಳಗೆ ಮಲಗಿದೆ. "ಅಣ್ಣ, ಇಷ್ಟೊಂದು ದುಡ್ಡು ಹಾಕಿದೀನಿ, ಒಳಿಕ್ಕೆ ಕಾಲೇ ಇಡಲ್ಲ ಅಂತದೆ, ಏನ್ ಮಾಡದು?"

ಇದೇ ಕಥೆ ನಂಗೆ ಈ ವರ್ಷ ಎಷ್ಟು ಜನ ಹೇಳಿದ್ರೋ ಲೆಕ್ಕ ಇಟ್ಟಿಲ್ಲ. ನಾನೂ ಮಾಡಿದ ತಪ್ಪೇ ಅದು, ಮೊದಲ ಗೂಡನ್ನ ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಬಗ್ಗಿ ನೋಡಿದ್ಮೇಲೆ ಗೊತ್ತಾಗಿದ್ದು, ಅದು ಗೂಡಲ್ಲ ಒಲೆ ಅಂತ. ನಾಯಿ ಒಳಗೆ ಹೋಗಲ್ಲ ಅಂದ್ರೆ ಅದಕ್ಕೆ ಹಠ ಅಂತ ಅಂದ್ಕೋಬೇಡಿ, ಕಟ್ಟಿದ ಕ್ರಮದಲ್ಲಿ ಏನೋ ತಪ್ಪಿದೆ. ಎಲ್ರೂ ಶೀಟಿಂದ ಶುರು ಮಾಡ್ತಾರೆ, ನೆಲ ಕೊನೆಗೆ ಹಾಕ್ತಾರೆ. ಅದು ಉಲ್ಟಾ ಆಗ್ಬೇಕು. ಕೆಳಗಿರೋ ಹಂತಗಳನ್ನ ಅದೇ ಆರ್ಡರಲ್ಲಿ ಮಾಡಿ, ಮಧ್ಯದಲ್ಲಿ ಒಂದನ್ನ ಹಾರಿಸಿದ್ರೆ ಮುಂದಿನದು ಕೆಡ್ತದೆ.

ಶುರು ಮಾಡೋ ಮುಂಚೆ: ನಿಮ್ಮ ನಾಯಿ ಹೊರಗಿರೋ ನಾಯಿನಾ?

ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿ ನಾಯಿಗಳು, ಹಸ್ಕಿ ಥರ ದಪ್ಪ ಕೂದಲಿನವು, ಮೂರು ನಾಲ್ಕು ತಿಂಗಳು ತುಂಬದ ಮರಿಗಳು, ತುಂಬ ವಯಸ್ಸಾದವು, ಕಾಯಿಲೆ ಇರೋವು, ಇವಕ್ಕೆ ಎಂಥಾ ಗೂಡು ಕಟ್ಟಿದ್ರೂ ನಮ್ಮ ಏಪ್ರಿಲ್ ಬಿಸ್ಲಲ್ಲಿ ಹೊರಗಡೆ ಬೇಡ. ನಾಟಿ ನಾಯಿ, ಮುಧೋಳ, ಲ್ಯಾಬು, ಮಿಕ್ಸ್ ಇವೆಲ್ಲ ಇರ್ತವೆ. ಆದ್ರೂ ಗೂಡು ಕಟ್ಟಿದ್ವಿ ಅಂತ ದಿನಪೂರ್ತಿ ಅದ್ರೊಳಗೇ ಕೂಡಾಕೋದಲ್ಲ, ಬೆಳಿಗ್ಗೆ ಸಂಜೆ ವಾಕಿಂಗು ಬೇಕೇ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್‌ನಲ್ಲಿ ಗಿಡ್ಡ ಚೈನಲ್ಲಿ ಹೊತ್ತುಗಟ್ಲೆ ಕಟ್ಟಾಕೋದು, ಯಾವಾಗ್ಲೂ ಕಟ್ಟಿರೋ ನಾಯಿನ ಓಡಾಡಿಸದೇ ಇರೋದು ಎರಡೂ ತಪ್ಪು ಅಂತ ಇದೆ.

ಹಂತ 1: ಟೇಪ್ ತಗೊಂಡು ನಾಯಿನ ಅಳೀರಿ

ಅಂದಾಜಲ್ಲಿ "ನಾಕಡಿ ನಾಕಡಿ" ಅಂತ ಮೇಸ್ತ್ರಿಗೆ ಹೇಳ್ಬೇಡಿ. ಮೂರು ಅಳತೆ ಬೇಕು. ಮೂಗಿನ ತುದಿಯಿಂದ ಬಾಲ ಶುರುವಾಗೋ ಜಾಗದವರೆಗೆ ಉದ್ದ. ಕೂತಾಗ ನೆಲದಿಂದ ತಲೆ ಮೇಲ್ಗಡೆವರೆಗೆ ಎತ್ತರ. ನಿಂತಾಗ ನೆಲದಿಂದ ಹೆಗಲವರೆಗೆ ಎತ್ತರ.

ಮೊದಲೆರಡಕ್ಕೂ ಕಾಲು ಭಾಗ ಸೇರ್ಸಿ. ನಮ್ಮ ಮನೆ ನಾಯಿ (ನಾಟಿಗೂ ಲ್ಯಾಬಿಗೂ ಹುಟ್ಟಿದ್ದು) ಉದ್ದ 36 ಇಂಚು, ಕೂತ್ರೆ 28 ಇಂಚು, ಹೆಗಲು 22 ಇಂಚು. ಹಂಗಾಗಿ ಗೂಡಿನ ಒಳ ಉದ್ದ 45 ಇಂಚು, ಅಂದ್ರೆ ರೌಂಡಾಗಿ 4 ಅಡಿ, ಎತ್ತರ 35 ಇಂಚು ಅಂದ್ರೆ 3 ಅಡಿ. ಅಗಲಕ್ಕೆ ನಾಯಿ ಒಂದು ಮಗ್ಗುಲಾಗಿ ಕಾಲು ಚಾಚಿ ಮಲಗಿದಾಗ ಬೆನ್ನಿಂದ ಪಾದದವರೆಗೆ ಅಳೀರಿ, ನಮ್ಮದಕ್ಕೆ 3 ಅಡಿ ಸಾಕಾಯ್ತು. ಮರಿ ತಂದಿದ್ರೆ ಮರಿ ಅಳತೆಗೆ ಕಟ್ಬೇಡಿ, ಅಪ್ಪ ಅಮ್ಮನ ಸೈಜ್ ಕೇಳ್ಕೊಳ್ಳಿ. ಗಂಡು ಲ್ಯಾಬ್ ಹೆಗಲು 22ರಿಂದ 23 ಇಂಚಿಗೆ ನಿಲ್ತದೆ, ಮುಧೋಳ 27 ಇಂಚು ದಾಟ್ತದೆ.

ಯೂಟ್ಯೂಬಲ್ಲಿ ಸಿಗೋ ಪ್ಲಾನ್ ನೋಡಿ ಕಟ್ಟೋರು ಇಲ್ಲೇ ಎಡವೋದು. ಅವು ಹಿಮ ಬೀಳೋ ದೇಶದ ಪ್ಲಾನ್‌ಗಳು, ಗೂಡು ಚಿಕ್ಕದಿದ್ರೆ ನಾಯಿ ಮೈ ಶಾಖಕ್ಕೇ ಒಳಗೆ ಬೆಚ್ಚಗಾಗ್ಲಿ ಅನ್ನೋ ಲೆಕ್ಕ, ಬಾಗಿಲೂ ನಾಯಿ ಬಗ್ಗಿ ಹೋಗೋ ಹಾಗಿರ್ತದೆ. ನಮಗೆ ಬೇಕಾಗಿರೋದು ಶಾಖ ಆಚೆ ಹೋಗೋದು. ಬಾಗಿಲು ಹೆಗಲಿಗಿಂತ ಎರಡು ಮೂರು ಇಂಚು ಜಾಸ್ತಿನೇ ಇರ್ಲಿ.

ಹಂತ 2: ಜಾಗ ನೋಡೋದು, ಒಂದು ದಿನ ಪೂರ್ತಿ

ಒಂದು ಭಾನುವಾರ ಇದಕ್ಕೇ ಇಡಿ. ಕಟ್ಬೇಕು ಅಂದ್ಕೊಂಡಿರೋ ಜಾಗದ ನಾಲ್ಕು ಮೂಲೆಗೆ ಗೂಟ ಹೊಡ್ದು, ಬೆಳಿಗ್ಗೆ 9, ಮಧ್ಯಾಹ್ನ 12, 3, ಸಂಜೆ 5 ಗಂಟೆಗೆ ನೆರಳು ಎಲ್ಲಿದೆ ಅಂತ ಮೊಬೈಲಲ್ಲಿ ಫೋಟೋ ತಗೊಳ್ಳಿ. 12ರಿಂದ 5ರವರೆಗೆ ನೆರಳು ಬೇಕು, ಬೆಳಿಗ್ಗೆ ಎಳೆ ಬಿಸ್ಲು ಬಿದ್ರೆ ಒಳ್ಳೇದೇ.

ಇಲ್ಲೊಂದು ಮೋಸ ಇದೆ. ಜನವರೀಲಿ ನೋಡಿದ್ರೆ ಮನೆಯ ಬಡಗಲು ಗೋಡೆ ಪಕ್ಕ ದಿನವಿಡೀ ತಣ್ಣಗಿರ್ತದೆ, ಆಹಾ ಇದೇ ಜಾಗ ಅಂತ ಕಟ್ಬಿಡ್ತೀರ. ಆದ್ರೆ ಮೈಸೂರಲ್ಲಿ ಏಪ್ರಿಲ್ ಕೊನೆ ವಾರ ಸೂರ್ಯ ನೆತ್ತಿ ಮೇಲೆ ಬರ್ತಾನೆ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಬಡಗಲು ಕಡೆಗೇ ವಾಲಿರ್ತಾನೆ, ಸಂಜೆ ವಾಯುವ್ಯಕ್ಕೆ ಇಳೀತಾನೆ. ಅಂದ್ರೆ ಮೇ ತಿಂಗಳ ನಾಲ್ಕು ಗಂಟೆ ಬಿಸ್ಲು ಅದೇ ಗೋಡೆಗೆ ಹೊಡೀತದೆ. ಮರದ ನೆರಳಾದ್ರೆ ಈ ತಾಪತ್ರಯ ಕಮ್ಮಿ. ಹೊಂಗೆ ಮರ ಇದ್ರೆ ಬೇರೆ ಯೋಚ್ನೆನೇ ಬೇಡ, ಬೇವೂ ಪರ್ವಾಗಿಲ್ಲ. ಮಾವಿನ ಮರದಲ್ಲಿ ಕೆಂಪಿರುವೆ ಗೂಡು ಇದೆಯಾ ನೋಡ್ಕೊಳ್ಳಿ. ತೆಂಗಿನ ಮರದ ಕೆಳಗೆ ಮಾತ್ರ ಕಟ್ಟಲೇಬೇಡಿ, ಗರಿ ಬಿದ್ರೂ ಹೆಂಚು ಹೋಗ್ತದೆ, ಕಾಯಿ ಬಿದ್ರೆ ಏನಾಗ್ತದೆ ಅಂತ ಹೇಳಬೇಕಾಗಿಲ್ಲ. ನಮ್ಮ ಕಡೆ ಅರ್ಧ ಜನ ಕಟ್ಟಿರೋದು ಅಲ್ಲೇ.

ಬಾಗಿಲು ಮೂಡಲು ಕಡೆಗೆ. ಜೂನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಪಡುವಲು ಕಡೆಯಿಂದ ಬರ್ತದೆ, ಆ ಕಡೆಗೆ ಬಾಗಿಲಿಟ್ರೆ ಇರಚಲು ಸೀದಾ ಹಾಸಿಗೆ ಮೇಲೆ. ಅಕ್ಟೋಬರ್ ನವೆಂಬರ್ ಹಿಂಗಾರಲ್ಲಿ ಮೂಡಲು ಕಡೆಯಿಂದಲೂ ಹೊಡೀತದೆ, ಅದಕ್ಕೇ ಬಾಗಿಲ ಮುಂದೆ 2 ಅಡಿ ಸೂರು ಚಾಚಿರ್ಲಿ. ವಾಸ್ತು ಕೇಳೋರು ಕೇಳ್ಕೊಳ್ಳಿ, ನಾಯಿ ನೋಡೋದು ಬಿಸ್ಲು ಮಳೆ ಎರಡೇ.

ಅಕ್ಕಪಕ್ಕ ಏನು ಬೆಳೆದಿದೆ ಅದನ್ನೂ ನೋಡಿ. ಕಣಗಿಲೆ ಗಿಡ ಬೇಲಿಗೆ ಹಾಕಿರ್ತಾರೆ, ಎಲೆ ಹೂ ಕಡ್ಡಿ ಎಲ್ಲಾ ವಿಷ, ರನ್ (ಗೂಡಿನ ಮುಂದೆ ಬೇಲಿ ಹಾಕಿದ ಓಡಾಡೋ ಜಾಗ) ಒಳಗೆ ಬಾಗೋ ಹಾಗಿದ್ರೆ ಕಿತ್ತಾಕಿ. ಹೂಕುಂಡಕ್ಕೆ ಹರಳು ಹಿಂಡಿ ಹಾಕೋರಿದ್ರೆ ಅದನ್ನ ಬೀಗ ಹಾಕಿಡಿ, ವಾಸನೆಗೆ ನಾಯಿ ಹುಡುಕ್ಕೊಂಡು ಬಂದು ತಿಂತದೆ, ತಿಂದ್ರೆ ಉಳಿಯೋದು ಕಷ್ಟ.

ಹಂತ 3: ಸಾಮಾನು

ಸ್ವಂತ ಜಾಗದಲ್ಲಿ ಒಂದು ಮಧ್ಯಮ ಸೈಜ್ ನಾಯಿಗೆ ಪಕ್ಕಾ ಗೂಡು, 5 ಅಡಿ ಅಗಲ 12 ಅಡಿ ಉದ್ದದ ರನ್, ಇದನ್ನೇ ಲೆಕ್ಕ ಇಟ್ಕೊಂಡು ಹೇಳ್ತೀನಿ. ಹಾಲೋ ಬ್ಲಾಕ್ ಅಥವಾ ಇಟ್ಟಿಗೆ, ಸಿಮೆಂಟು, ಎಂ ಸ್ಯಾಂಡು, ಜೆಲ್ಲಿ, ಒಂದಷ್ಟು ಸೈಜುಗಲ್ಲು. ರನ್ನಿಗೆ ಒಂದೂವರೆ ಇಂಚು ಜಿಐ ಪೈಪು, 10 ಗೇಜ್ ವೆಲ್ಡ್ ಮೆಶ್ಶು (ತಂತಿ ಜಾಲರಿ) 2 ಇಂಚು ಕಣ್ಣಿಂದು, ಕೆಳಗಿನ ಒಂದೂವರೆ ಅಡಿಗೆ ಅರ್ಧ ಇಂಚು ಕಣ್ಣಿನ ಸಣ್ಣ ಮೆಶ್ಶು. ಚಾವಣಿಗೆ ಮಂಗಳೂರು ಹೆಂಚು, ರೀಪರ್ (ಹೆಂಚು ಕೂರ್ಸೋ ಮರದ ಪಟ್ಟಿ). ಶೇಡ್ ನೆಟ್ 75 ಪರ್ಸೆಂಟ್ ಬಿಸ್ಲು ತಡೆಯೋದು.

ಕೈಗೆ ಬೇಕಾಗೋವು: ಹಾರೆ, ಗುದ್ದಲಿ, ಬಾಣಲಿ, ಕರಣೆ, ರಸಮಟ್ಟ, ದಾರ, ಟೇಪು, ಕಟಿಂಗ್ ಪ್ಲೇಯರು. ವೆಲ್ಡಿಂಗ್ ಗೊತ್ತಿಲ್ದೆ ಇದ್ರೆ ಅದೊಂದನ್ನ ವರ್ಕ್‌ಶಾಪಿಗೆ ಬಿಡಿ. ಬಾಡಿಗೆ ಮನೆಯೋರು ಗೋಡೆ ಕಟ್ಟೋಕಾಗಲ್ಲ, ಪ್ಯಾಲೆಟ್ ಮರದಲ್ಲಿ ಎತ್ತಿಡೋ ಗೂಡು ಮಾಡಿ, ಅಳತೆ, ದಿಕ್ಕು, ಗಾಳಿ ಕಿಂಡಿ ಎಲ್ಲಾ ಇದೇ ಲೆಕ್ಕ, ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿ. ಗೆದ್ದಲು ಬರ್ತದೆ ಅಂತ ಮರಕ್ಕೆ ವೇಸ್ಟ್ ಆಯಿಲ್ ಬಳೀತಾರಲ್ಲ, ಬೇಡ, ನಾಯಿ ಅದನ್ನ ಕಡಿತದೆ ನೆಕ್ತದೆ.

ಹಂತ 4: ಪಾಯ, ನೆಲ, ವಾಟ

ಕೆಲ್ಸದ ಮುಕ್ಕಾಲು ಪಾಲು ಇದೇ. ನೆಲ ಸರಿಯಾದ್ರೆ ವಾಸ್ನೆ ಇಲ್ಲ, ನೊಣ ಇಲ್ಲ, ಕಾಲು ಹುಣ್ಣು ಇಲ್ಲ. ನೆಲ ಕೆಟ್ರೆ ಮೇಲೆ ಎಂಥಾ ಗೂಡಿದ್ರೂ ಆರು ತಿಂಗಳಿಗೆ ಹೊಡೆದಾಕ್ತೀರ.

ಮೊದ್ಲು ದಾರ ಕಟ್ಟಿ ಗೂಡು ಮತ್ತೆ ರನ್ ಎರಡರ ಗುರ್ತು ಒಟ್ಟಿಗೇ ಹಾಕಿ. ಸುತ್ತ ಒಂದು ಅಡಿ ಆಳ ಅಗೆದು ಸೈಜುಗಲ್ಲು ಇಲ್ಲಾ ಇಟ್ಟಿಗೆ ಕೂರ್ಸಿ ಪಾಯ ಎಬ್ಬಿಸಿ. ಇದು ಗೋಡೆ ಭಾರಕ್ಕೆ ಅಷ್ಟೇ ಅಲ್ಲ, ನಾಯಿ ಒಳಗಿಂದ ತೋಡಿ ಆಚೆ ಹೋಗ್ದೆ ಇರ್ಲಿ, ಹೆಗ್ಗಣ ಆಚೆಯಿಂದ ತೋಡಿ ಒಳಗೆ ಬರ್ದೆ ಇರ್ಲಿ ಅಂತ.

ಗೂಡಿನ ಕಟ್ಟೆ ನೆಲದಿಂದ ಒಂದು ಅಡಿ ಎತ್ತರ ಇರ್ಬೇಕು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಗದ್ದೆ ಅಂಚಲ್ಲಿ ಮನೆ ಇರೋರು ಒಂದೂವರೆ ಅಡಿ ಮಾಡಿ. ನಾಲೆಗೆ ನೀರು ಬಿಟ್ರೆ ನಿಮ್ಮ ಹಿತ್ಲು ನೆಲನೂ ತೇವ ಎಳ್ಕೊಳ್ತದೆ, ಬೇಸಿಗೇಲಿ ನೋಡಿ "ಒಣಗೇ ಇದೆಯಲ್ಲ" ಅಂತ ಕಟ್ಟಿದೋರು ಭತ್ತ ನಾಟಿ ಟೈಮಲ್ಲಿ ನೋಡಿ, ನೆಲ ಬೆವರ್ತಾ ಇರ್ತದೆ. ರನ್ ನೆಲ ಸುತ್ತಲಿನ ಮಣ್ಣಿಗಿಂತ 4ರಿಂದ 6 ಇಂಚು ಎತ್ತರ ಇದ್ರೆ ಸಾಕು.

ಒಳಗೆ ಮಣ್ಣು ತುಂಬಿ ನೀರು ಹಾಕಿ ಚೆನ್ನಾಗಿ ದಿಮ್ಮಿಸಿ, ಎರಡು ದಿನ ಬಿಡಿ, ಕುಸಿದ ಕಡೆ ಮತ್ತೆ ತುಂಬಿ. ಈ ಎರಡು ದಿನ ಕಾಯೋಕೆ ಯಾರಿಗೂ ತಾಳ್ಮೆ ಇರಲ್ಲ, ಆಮೇಲೆ ನೆಲ ಬಿರುಕು ಬಿಡ್ತು ಅಂತಾರೆ. ಅದ್ರ ಮೇಲೆ 4 ಇಂಚು ಬೆಡ್ ಕಾಂಕ್ರೀಟು, ಒಂದು ಸಿಮೆಂಟಿಗೆ ಮೂರು ಮರಳು ಆರು ಜೆಲ್ಲಿ.

ಈಗ ವಾಟ. ಪ್ರತಿ 4 ಅಡಿಗೆ 1 ಇಂಚು ಇಳಿಬೇಕು, 12 ಅಡಿ ರನ್ನಿಗೆ ಆ ತುದೀಲಿ 3 ಇಂಚು ಕೆಳಗೆ. ಇಳಿಜಾರು ಗೂಡಿಂದ ಆಚೆಗೆ. ಹೇಳೋಕೆ ನಾಚ್ಕೆ ಆಗೋಷ್ಟು ಸುಲಭ ಅನ್ಸತ್ತೆ, ಆದ್ರೆ ಗೂಡು ಮೊದ್ಲು ಕಟ್ಟಿ ನೆಲ ಆಮೇಲೆ ಹಾಕಿದ ಎಷ್ಟೋ ಕಡೆ ವಾಟ ಗೂಡಿನ ಬಾಗಿಲಿಗೇ ಬಂದಿರೋದು ನೋಡಿದೀನಿ, ಉಚ್ಚೆ ತೊಳೆದ ನೀರೆಲ್ಲ ಹಾಸಿಗೆ ಹತ್ರ. ದಾರ ಕಟ್ಟಿ ರಸಮಟ್ಟ ಇಟ್ಟು ನೋಡಿ, ಮೇಸ್ತ್ರಿ "ಕಣ್ಣಂದಾಜು ಸಾಕು ಸಾರ್" ಅಂದ್ರೆ ಒಪ್ಪಬೇಡಿ. ಸಿಮೆಂಟ್ ಹಾಕಿ ಎರಡು ದಿನ ಆದ್ಮೇಲೆ ಒಂದು ಬಕೆಟ್ ನೀರು ಗೂಡಿನ ಬಾಗಿಲ ಹತ್ರ ಸುರೀರಿ, ಎಲ್ಲೂ ನಿಲ್ದೆ ತುದಿಗೆ ಹೋಗ್ಬೇಕು. ನಿಂತ್ರೆ ಆ ಜಾಗ ಆಗ್ಲೇ ಸರಿ ಮಾಡ್ಸಿ.

ಮೇಲ್ಗಡೆ ನಯವಾಗಿ ಎಳೆಸಬೇಡಿ, ಕಡ್ಡಿ ಪೊರಕೆ ಎಳೆದು ಗೆರೆ ಬರೋ ಹಾಗೆ ಮಾಡಿ, ಇಲ್ಲಾಂದ್ರೆ ಮಳೇಲಿ ನಾಯಿ ಜಾರಿ ಹಿಂಗಾಲು ಉಳುಕಿಸ್ಕೊಳ್ತದೆ. ಟೈಲ್ಸು ಅಂತೂ ಬೇಡವೇ ಬೇಡ. ರನ್ ಪೂರ್ತಿ ಸಿಮೆಂಟು ಮಾಡೋದೂ ಒಳ್ಳೇದಲ್ಲ, ಗೂಡಿನ ಮುಂದೆ 4 ಅಡಿ ಸಿಮೆಂಟು ಇಲ್ಲಾ ಚಪ್ಪಡಿ ಕಲ್ಲು, ಮಿಕ್ಕಿದ್ದು ಗ್ರಾವೆಲ್ ಮಣ್ಣು ದಿಮ್ಮಿಸಿ ಬಿಟ್ರೆ ಕಾಲಿಗೂ ಹಿತ. ಅಲ್ಲೂ ಇದೇ ವಾಟ ಇಟ್ಕೊಂಡೇ ದಿಮ್ಮಿಸಿ. ಬಿಸ್ಲಲ್ಲಿ ಸಿಮೆಂಟ್ ಎಷ್ಟು ಕಾಯ್ತದೆ ಅಂತ ನೋಡೋಕೆ ಕೈ ಬೆನ್ನನ್ನ ನೆಲಕ್ಕೆ 7 ಸೆಕೆಂಡ್ ಒತ್ತಿಡಿ. ನಿಮ್ಮ ಕೈ ತಡ್ಕೊಳ್ಳಲ್ಲ ಅಂದ್ರೆ ಅದರ ಪಾದನೂ ತಡ್ಕೊಳ್ಳಲ್ಲ.

ತುದೀಲಿ ಒಂದು ಸಣ್ಣ ಚರಂಡಿ, ಅದು ಹೋಗಿ ಸೇರೋಕೆ 3 ಅಡಿ ಉದ್ದ ಅಗಲ ಆಳದ ಇಂಗುಗುಂಡಿ, ಒಳಗೆ ಇಟ್ಟಿಗೆ ಚೂರು, ಜೆಲ್ಲಿ ತುಂಬಿ. ಬೋರ್‌ವೆಲ್, ಬಾವಿಯಿಂದ ಆದಷ್ಟು ದೂರ ಇರ್ಲಿ. ಹಸಿ ಸಿಮೆಂಟ್ ಮೇಲೆ ನಾಯಿ ಓಡಾಡಿದ್ರೆ ಪಾದ ಸುಡ್ತದೆ, ಕ್ಯೂರಿಂಗ್ ಮುಗಿದು ಚೆನ್ನಾಗಿ ಒಣಗೋ ತನಕ, ಅಂದ್ರೆ ಹದಿನೈದು ದಿನ, ಒಳಗೆ ಬಿಡಬೇಡಿ.

ಹಂತ 5: ಗೋಡೆ, ಬಾಗಿಲು

ಇದು ಬೇಗ ಮುಗಿಯೋ ಕೆಲ್ಸ. ನಾಲ್ಕು ಇಂಚು ಬ್ಲಾಕಲ್ಲಿ ಮೂರು ಕಡೆ ಗೋಡೆ, ಮುಂದೆ ಬಾಗಿಲಿಗೆ 15 ಇಂಚು ಅಗಲ 24 ಇಂಚು ಎತ್ತರ (ನಮ್ಮ ನಾಯಿ ಅಳತೆಗೆ). ಬಾಗಿಲನ್ನ ಮಧ್ಯಕ್ಕೆ ಇಡ್ಬೇಡಿ, ಒಂದು ಪಕ್ಕಕ್ಕೆ ಸರಿಸಿ, ಆಗ ಇನ್ನೊಂದು ಪಕ್ಕದ ಮೂಲೆಗೆ ಗಾಳಿ ಇರಚಲು ತಾಕಲ್ಲ, ನಾಯಿ ಅಲ್ಲೇ ಸುತ್ತಿ ಮಲಗ್ತದೆ. ಹೊಸ್ತಿಲು 3 ಇಂಚು ಎತ್ತರಿಸಿ.

ಗೋಡೆ ಚಾವಣಿಗೆ ಪೂರ್ತಿ ಮುಟ್ಟಬಾರದು. ಬಡಗಲು, ತೆಂಕಲು ಎರಡೂ ಕಡೆ ಮೇಲೆ 4 ಇಂಚು ಕಿಂಡಿ ಬಿಟ್ಟು ಸಣ್ಣ ಮೆಶ್ ಹೊಡೀರಿ. ತಣ್ಣನೆ ಗಾಳಿ ಬಾಗಿಲಿಂದ ಒಳಗೆ ಬರ್ತದೆ, ಕಾದ ಗಾಳಿ ಮೇಲಿಂದ ಆಚೆ ಹೋಗ್ತದೆ. ಡಿಸೆಂಬರ್ ಜನವರಿ ರಾತ್ರಿ ಚಳಿಗೆ ಬಾಗಿಲಿಗೊಂದು ಗೋಣಿ ತಾಟು ಇಳಿಬಿಟ್ರೆ ಸಾಕು, ಕಿಂಡಿ ಮುಚ್ಚಬೇಡಿ.

ಒಳಗಡೆ ಹೊರಗಡೆ ಎರಡೂ ಪ್ಲಾಸ್ಟರ್ ಮಾಡ್ಸಿ. ದುಡ್ಡು ಉಳಿಸೋಕೆ ಒಳಗೆ ಹಾಗೇ ಬಿಡ್ತಾರೆ, ಅದು ಯಾಕೆ ತಪ್ಪು ಅಂತ ನಾಯಿ ರಕ್ತ ಹೀರೋ ಉಣ್ಣೆ ಹುಳದ ವಿಷ್ಯ ಬಂದಾಗ ಹೇಳ್ತೀನಿ.

ಹಂತ 6: ಚಾವಣಿ

ಜಿಂಕ್ ಶೀಟ್ ಒಂದನ್ನೇ ಹಾಕೋರಿಗೆ ನನ್ನದೊಂದು ವಿನಂತಿ, ಮಧ್ಯಾಹ್ನ ಅದ್ರ ಕೆಳಗೆ ಹತ್ತು ನಿಮಿಷ ನೀವು ಕೂತು ಎದ್ದು ಬನ್ನಿ. ಆಮೇಲೂ ಅದೇ ಬೇಕು ಅಂದ್ರೆ ಹಾಕಿ. ಮಳೇಲಿ ಅದರ ಸದ್ದಿಗೂ ನಾಯಿ ಹೆದರ್ತದೆ. ಸಿಮೆಂಟ್ ಶೀಟ್ ಅಂತ ಹಳೇವು ಮನೇಲಿ ಬಿದ್ದಿರ್ತವೆ, ಅದನ್ನ ಕುಯ್ಯೋದು ತೂತು ಹೊಡೆಯೋದು ಮಾಡಿದ್ರೆ ಬರೋ ಆಸ್ಬೆಸ್ಟಾಸ್ ಧೂಳು ನಿಮ್ಮ ಶ್ವಾಸಕೋಶಕ್ಕೇ ಕುತ್ತು, ಬಿಡಿ ಅದನ್ನ.

ಮಂಗಳೂರು ಹೆಂಚು ಎಲ್ಲಕ್ಕಿಂತ ಒಳ್ಳೇದು. ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತದೆ, ತೊಳೆಯೋಕೆ ಬೇಕು ಅಂದ್ರೆ ನಾಲ್ಕು ಹೆಂಚು ಕೈಯಲ್ಲೇ ಎತ್ತಿಡಬಹುದು. ಆದ್ರೆ ಇಳಿಜಾರು ಕಮ್ಮಿ ಮಾಡಿದ್ರೆ ಸೋರ್ತದೆ, 4 ಅಡಿಗೆ 2 ಅಡಿಗಿಂತ ಕಮ್ಮಿ ಏರಿಕೆ ಬೇಡ. ಇಳಿಜಾರು ಪಡುವಲು ಕಡೆಗೆ, ಅಂದ್ರೆ ಗೂಡಿನ ಹಿಂದಕ್ಕೆ. ಮುಂದಕ್ಕಿಟ್ರೆ ಮಳೆ ನೀರೆಲ್ಲ ಬಾಗಿಲ ಮುಂದೆ ಸುರೀತದೆ. ಚಾಮುಂಡಿ ಬೆಟ್ಟದ ತಪ್ಪಲು ಕಡೆ ಕೋತಿ ಕಾಟ ಇರೋರಿಗೆ ಹೆಂಚು ಕೆಲಸಕ್ಕೆ ಬರಲ್ಲ, ಒಂದೇ ವಾರಕ್ಕೆ ಪುಡಿ ಮಾಡ್ತವೆ. ಅವ್ರು ಶೀಟೇ ಹಾಕಿ, ಆದ್ರೆ ಶೀಟಿನ ಮೇಲೆ ಎರಡು ಇಂಚು ಗ್ಯಾಪ್ ಬಿಟ್ಟು ರೀಪರ್ ಹೊಡೆದು, ಅದ್ರ ಮೇಲೆ ತೆಂಗಿನ ಗರಿನೋ ಕಬ್ಬಿನ ಸೋಗೆನೋ ಕಟ್ಟಿ. ಆ ಗ್ಯಾಪೇ ಮುಖ್ಯ, ಸೋಗೆನ ನೇರ ಶೀಟಿಗೆ ಅಂಟಿಸಿದಂಗೆ ಹಾಕಿದ್ರೆ ಅರ್ಧ ಉಪಯೋಗನೂ ಇಲ್ಲ. ವರ್ಷಕ್ಕೊಂದ್ಸಲ ಸೋಗೆ ಬದಲಾಯಿಸಿ, ಇಲ್ಲಾಂದ್ರೆ ಇಲಿ, ಚೇಳು ಸೇರ್ಕೊಳ್ತವೆ. ಬೀಡಿ ಸೇದೋರು, ಒಲೆ ಹತ್ರ ಇರೋರು ಸೋಗೆ ಬಿಟ್ಟು ಶೇಡ್ ನೆಟ್ ಕಟ್ಟಿ.

ಹಂತ 7: ರನ್, ಅಂದ್ರೆ ಓಡಾಡೋ ಜಾಗ

ಚೌಕ ಬೇಡ, ಉದ್ದ ಇರ್ಲಿ. 8 ಅಡಿ 8 ಅಡಿ ಚೌಕಕ್ಕಿಂತ 5 ಅಡಿ 12 ಅಡಿ ಪಟ್ಟಿನೇ ನಾಯಿಗೆ ಉಪಯೋಗ, ಯಾಕಂದ್ರೆ ಅದು ಆ ತುದಿಯಿಂದ ಈ ತುದಿಗೆ ಓಡ್ತದೆ, ಚೌಕದಲ್ಲಿ ಸುತ್ತು ಹೊಡೀತದೆ ಅಷ್ಟೆ. ಜಾಗ ಇದ್ರೆ 20 ಅಡಿ ಉದ್ದ ಮಾಡಿ, ಬೇಡ ಅಂದೋರ್ಯಾರು.

ಕಂಬದ ಗುಂಡಿಯನ್ನ ಪಾಯ ಹಾಕುವಾಗ್ಲೇ ಬಿಟ್ಟಿರ್ಬೇಕು, ಆಮೇಲೆ ಕಾಂಕ್ರೀಟ್ ಒಡೆದು ಕೂರ್ಸೋದು ದಂಡ. ಒಂದೂವರೆ ಅಡಿ ಒಳಗೆ, 6 ಅಡಿ ಮೇಲೆ, ಕಂಬದಿಂದ ಕಂಬಕ್ಕೆ 6 ಅಡಿ. ಹಳ್ಳಿ ಕಡೆ ಕಲ್ಲು ಕಂಬ ಸಿಕ್ರೆ ತುಕ್ಕಿನ ಚಿಂತೆನೂ ಇಲ್ಲ.

ಮೆಶ್ಶನ್ನ ಕಂಬದ ಒಳಗಡೆ ಬದಿಗೆ ಕಟ್ಟಿ. ಆಚೆ ಬದಿಗೆ ಕಟ್ಟಿದ್ರೆ ನಾಯಿ ಎಗರಿ ಎಗರಿ ತಳ್ಳಿ ವೆಲ್ಡ್ ಬಿಟ್ಕೊಳ್ತದೆ. ಕತ್ತರಿಸಿದ ತಂತಿ ತುದಿಗಳೆಲ್ಲ ಹೊರಗಡೆಗೆ ಮಡಚಿರ್ಬೇಕು, ಕೆಲಸ ಮುಗಿದ್ಮೇಲೆ ಒಂದು ಹಳೇ ಬಟ್ಟೆ ತಗೊಂಡು ಒಳಗಡೆ ಪೂರ್ತಿ ಒರೆಸ್ಕೊಂಡು ಬನ್ನಿ, ಬಟ್ಟೆ ಸಿಕ್ಕಾಕೊಂಡ ಕಡೆ ನಾಯಿ ಕಣ್ಣೂ ಸಿಕ್ಕಾಕೊಳ್ತದೆ. ಚೈನ್ ಲಿಂಕ್ ಅಗ್ಗ ಅಂತ ತರ್ತಾರೆ, ಅದು ಸಡಿಲ ಆಗ್ತದೆ, ಬುಡದಲ್ಲಿ ಮೂತಿ ತೂರಿಸಿ ಎತ್ಕೊಂಡು ಹೋಗಿಬಿಡ್ತವೆ. ಕೆಳಗಿನ ಒಂದೂವರೆ ಅಡಿ ಸಣ್ಣ ಮೆಶ್ಶು ಹಾವಿಗೆ. ಗದ್ದೆ ಪಕ್ಕ ಕೊಳಕುಮಂಡಲ, ನಾಗರ ಎರಡೂ ಓಡಾಡ್ತವೆ, ನಾಯಿ ಸುಮ್ನಿರಲ್ಲ.

ಗೇಟು ಒಳಗಡೆಗೆ ತೆರೀಬೇಕು. ಹೊರಗಡೆಗೆ ತೆರೆಯೋ ಗೇಟಿಗೆ ನಾಯಿ ಒಂದು ಸಲ ಎದೆ ಕೊಟ್ರೆ ನಿಮ್ಮನ್ನೂ ಬೀಳಿಸಿ ರಸ್ತೇಲಿರ್ತದೆ. ಅಗಲ ಎರಡೂವರೆ ಅಡಿ, ಕೆಳಗೆ ಸಂದಿ 2 ಇಂಚಿಗಿಂತ ಜಾಸ್ತಿ ಇರ್ಬಾರ್ದು. ಸಾದಾ ಚಿಲಕನ ಮೂಗಲ್ಲಿ ಎತ್ತೋದು ನಾಟಿ ನಾಯಿಗೆ ಎರಡು ದಿನದ ಕಲಿಕೆ, ಅಗುಳಿಗೆ ತೂತು ಹೊಡೆಸಿ ಒಂದು ಪಿನ್ನು ಹಾಕೋ ಹಾಗಿರ್ಲಿ. ರನ್ನಿನ ಅರ್ಧಕ್ಕಾದ್ರೂ ಮೇಲೆ ಶೇಡ್ ನೆಟ್ ಎಳೀರಿ.

ಚಿರತೆ ಓಡಾಡೋ ಕಡೆ ಇರೋರು ಇದನ್ನ ಓದಿ

2022ರ ಕೊನೇಲಿ ಟಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ಜನರನ್ನೇ ಕೊಂದಿದ್ದು ಎಲ್ರಿಗೂ ನೆನಪಿದೆ, 2024ರ ಡಿಸೆಂಬರ್ 31ಕ್ಕೆ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೇ ಚಿರತೆ ಬಂದಿತ್ತು. ಕಬ್ಬಿನ ಗದ್ದೆಯಲ್ಲಿ ಮರಿ ಹಾಕ್ತವೆ, ಊರೊಳಗೆ ಬರೋದೇ ನಾಯಿ ಆಸೆಗೆ. 6 ಅಡಿ ಬೇಲಿ ಅದಕ್ಕೆ ಒಂದು ಲೆಕ್ಕನೇ ಅಲ್ಲ.

ಇಂಥ ಕಡೆ ರನ್ ಮೇಲ್ಗಡೆನೂ ಪೂರ್ತಿ ವೆಲ್ಡ್ ಮೆಶ್ಶು, ಬೈಂಡಿಂಗ್ ವೈರಲ್ಲಿ ಕಟ್ಟಿದ್ದಲ್ಲ, ಪೈಪಿಗೆ ವೆಲ್ಡ್ ಮಾಡಿದ್ದು. ರಾತ್ರಿ ರನ್ನಲ್ಲಿ ಬಿಡೋದೇ ಬೇಡ, ಗೂಡಿನ ಬಾಗಿಲಿಗೆ ಕಂಬಿ ಗೇಟ್ ಮಾಡ್ಸಿ ಒಳಗೆ ಹಾಕಿ, ಹೆಂಚಿನ ಕೆಳಗೂ ಮೆಶ್ಶು ಹೊಡೀರಿ. ಇನ್ನೂ ಒಳ್ಳೇದು ಮನೆ ಪಡಸಾಲೇಲಿ ಮಲಗಿಸೋದು. ಚೈನಲ್ಲಿ ಕಟ್ಟಿದ ನಾಯಿ ಅಂದ್ರೆ ಚಿರತೆಗೆ ಎಲೆ ಹಾಕಿ ಬಡಿಸಿದಂಗೆ, ಬೋನಲ್ಲಿ ಆಮಿಷಕ್ಕೆ ಏನು ಕಟ್ತಾರೆ ಅಂತ ಹಳ್ಳಿಯೋರಿಗೆ ನಾನು ಹೇಳ್ಬೇಕಾ?

ಹಂತ 8: ಒಳಗಿನ ವ್ಯವಸ್ಥೆ

ಬರೀ ಸಿಮೆಂಟ್ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಹತ್ರ ಕೂದಲುದುರಿ ಚರ್ಮ ಗಂಟು ಕಟ್ತದೆ. 6 ಇಂಚು ಎತ್ತರದ ಸಣ್ಣ ಮಂಚ ಮಾಡ್ಸಿ, ಪೈಪ್ ಫ್ರೇಮಿಗೆ ನವಾರ ಹೆಣೆದ್ರೆ ಬೇಸಿಗೇಲಿ ಕೆಳಗಿಂದ ಗಾಳಿ ಆಡ್ತದೆ, ಮಳೇಲಿ ತೇವ ತಾಕಲ್ಲ. ಮೇಲೆ ಗೋಣಿಚೀಲ, ವಾರಕ್ಕೊಂದ್ಸಲ ಬಿಸಿನೀರಲ್ಲಿ ಅದ್ದಿ ಬಿಸ್ಲಿಗೆ ಹಾಕಿ.

ನೀರು ಎರಡು ಕಡೆ, ಎರಡೂ ನೆರಳಲ್ಲಿ. 25 ಕೆಜಿ ನಾಯಿಗೆ ಮಾಮೂಲಿ ದಿನ ಒಂದೂವರೆ ಲೀಟರ್ ಹತ್ತಿರ ಬೇಕು, ಬೇಸಿಗೇಲಿ ಇನ್ನೂ ಜಾಸ್ತಿ. ಸ್ಟೀಲ್ ಬಟ್ಟಲು ಕಾಯ್ತದೆ, ಕಾಲಲ್ಲಿ ಒದ್ದು ಬೀಳಿಸ್ತವೆ ಬೇರೆ. ಹಳೇ ಮನೆಗಳಲ್ಲಿ ಕಲ್ಲುಬಾನಿ ಮೂಲೇಲಿ ಬಿದ್ದಿರ್ತದಲ್ಲ, ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ದಿನಾ ಉಜ್ಜಿ ನೀರು ಬದಲಾಯ್ಸಿ, ಇಲ್ದಿದ್ರೆ ಸೊಳ್ಳೆ. ಊಟ ಹಾಕಿ ಅರ್ಧ ಗಂಟೇಲಿ ತಟ್ಟೆ ಎತ್ತಿಬಿಡಿ, ಮಿಕ್ಕ ಅನ್ನಕ್ಕೆ ಇಲಿ, ಇಲಿಗೆ ಹಾವು.

ಹಂತ 9: ಉಣ್ಣೆ

ಗೂಡು ಕಟ್ಟಿದ ಆರು ತಿಂಗಳಿಗೆ ಎಲ್ರೂ ಕೇಳೋ ಪ್ರಶ್ನೆ ಇದು. "ಸ್ನಾನ ಮಾಡಿಸಿ ಔಷಧಿ ಹಾಕ್ದೆ, ವಾರಕ್ಕೇ ಮತ್ತೆ ಬಂತು." ಬರ್ದೆ ಇನ್ನೇನು, ಅದು ಇರೋದು ನಾಯಿ ಮೈಮೇಲಲ್ಲ, ನಿಮ್ಮ ಗೋಡೆ ಒಳಗೆ. ರಕ್ತ ಕುಡಿದು ದಪ್ಪಗಾದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಲ್ಲಿ, ಇಟ್ಟಿಗೆ ಸಂದೀಲಿ, ರೀಪರ್ ಕೆಳಗೆ ಸಾವಿರಗಟ್ಲೆ ಮೊಟ್ಟೆ ಇಡ್ತದೆ. ಪ್ಲಾಸ್ಟರ್ ಮಾಡ್ಸಿ ಅಂದಿದ್ದು ಇದಕ್ಕೇ.

ಮೂರು ತಿಂಗಳಿಗೊಮ್ಮೆ ನಾಯಿನ ಬೇರೆ ಕಡೆ ಕಟ್ಟಿ, ಮಂಚ ಆಚೆ ಹಾಕಿ, ಬಿರುಕಿಗೆಲ್ಲ ಸಿಮೆಂಟ್ ಹಾಲು ತುಂಬಿ, ಒಳಗೆ ಸುಣ್ಣ ಹೊಡೀರಿ. ಸುಣ್ಣ ಚೆನ್ನಾಗಿ ಒಣಗೋಕೆ ಎರಡು ಮೂರು ದಿನ ಬಿಟ್ಟು ಒಳಗೆ ಬಿಡಿ. ಗೋಡೆಗೆ ಹೊಡೆಯೋ ಔಷಧಿ, ನಾಯಿಗೆ ಹಾಕೋ ಔಷಧಿ ಎರಡನ್ನೂ ಪಶುವೈದ್ಯರ ಹತ್ರ ಒಟ್ಟಿಗೇ ಬರೆಸ್ಕೊಂಡು ಒಂದೇ ದಿನ ಮಾಡಿ. ಗದ್ದೆಗೆ ತಂದ ಕ್ರಿಮಿನಾಶಕ ಮಿಕ್ಕಿದೆ ಅಂತ ಹೊಡೀಬೇಡಿ, ಹಂಗೆ ಮಾಡಿ ನಾಯಿ ಕಳ್ಕೊಂಡೋರು ನಮ್ಮ ಬೀದೀಲೇ ಇದಾರೆ. ಫಿನಾಯಿಲ್ ಹಾಕಿದ್ರೂ ನೀರು ಬಿಟ್ಟು ಪೂರ್ತಿ ತೊಳೆದು ಒಣಗಿದ್ಮೇಲೆ ಬಿಡಿ.

ಹಂತ 10: ರೂಢಿ ಮಾಡ್ಸೋದು

ದಸರಾ ಆನೆಗಳಿಗೇ ಜಂಬೂಸವಾರಿಗೆ ಮುಂಚೆ ಕುಶಾಲತೋಪು ಹಾರ್ಸಿ ಸದ್ದಿಗೆ ತಾಲೀಮು ಕೊಡ್ತಾರೆ, ನೀವು ನಾಯಿನ ಮೊದಲ ದಿನವೇ ಹೊಸ ಗೂಡಿಗೆ ತಳ್ಳಿ ಚಿಲಕ ಹಾಕಿದ್ರೆ ಹೆಂಗೆ? ಮೊದಲ ಮೂರು ದಿನ ಗೇಟ್ ತೆಗೆದೇ ಇಡಿ, ಊಟ ಗೂಡಿನ ಬಾಗಿಲಲ್ಲಿ, ಆಮೇಲೆ ಒಳಗೆ. ಅದು ಮಲಗೋ ಹಳೇ ಬಟ್ಟೆನ ತೊಳೀದೆ ಮಂಚದ ಮೇಲೆ ಹಾಕಿ. ನಾಲ್ಕನೇ ದಿನ ಗೇಟ್ ಹಾಕಿ ನೀವು ಅಲ್ಲೇ ಕೂತಿರಿ, ಐದು ನಿಮಿಷ, ಆಮೇಲೆ ಇಪ್ಪತ್ತು, ಆಮೇಲೆ ಒಂದು ಗಂಟೆ. ವಾರ ಹತ್ತು ದಿನ ಹಿಡೀತದೆ. ಚಪ್ಲಿ ಕಡೀತು ಅಂತ ಬೈದು ಗೂಡಿಗೆ ಹಾಕೋದು ಒಂದೇ ಒಂದು ಸಲ ಮಾಡಿದ್ರೂ ಅಷ್ಟು ದಿನದ ಕೆಲ್ಸ ನೀರಲ್ಲಿ ಹೋಮ.

ಕಟ್ಟಿದ್ಮೇಲೆ ಕಣ್ಣಿಡಬೇಕಾದ ಲಕ್ಷಣಗಳು

ಗೂಡು ಬಿಟ್ಟು ಗೇಟ್ ಹತ್ರನೇ ಮಲಗೋದು: ಒಳಗೆ ಸೆಖೆ ಇಲ್ಲಾ ಉಣ್ಣೆ, ಎರಡೂ ನೋಡಿ. ಬೆರಳ ಸಂದಿ ಕೆಂಪಗಾಗಿ ಪಾದ ನೆಕ್ತಾನೇ ಇರೋದು: ನೆಲ ಒಣಗ್ತಾ ಇಲ್ಲ, ವಾಟಕ್ಕೆ ವಾಪಸ್ ಹೋಗಿ. ಮೆಶ್ ಕಡಿದು ಹಲ್ಲು ಸವೆದಿರೋದು, ಉಗುರಲ್ಲಿ ರಕ್ತ, ಒಂದೇ ಕಡೆ ಗಿರಗಿರ ಸುತ್ತೋದು: ಗೂಡಿನ ತಪ್ಪಲ್ಲ, ಹೊತ್ತು ಜಾಸ್ತಿ ಆಗಿದೆ, ಆಚೆ ಕರ್ಕೊಂಡ್ ಹೋಗಿ. ಊಟ ಬಿಟ್ಟು ಮಂಕಾಗಿ, ಒಸಡು ಬಿಳಿಚಿಕೊಂಡಿದ್ರೆ ಉಣ್ಣೆ ಜ್ವರ ಇರಬಹುದು, ನಾಳೆ ನೋಡೋಣ ಅನ್ಬೇಡಿ.

ಬೇಸಿಗೇಲಿ ಜೋರಾಗಿ ತೇಕ್ತಾ, ಜೊಲ್ಲು ಸುರಿಸ್ತಾ, ಒಸಡು ಕಡುಕೆಂಪಾಗಿ, ತೂರಾಡ್ತಾ ಇದ್ರೆ ಅದು ಬಿಸಿಲು ಬಡಿದಿರೋದು. ನೆರಳಿಗೆ ತಂದು ಮೈಮೇಲೆ ಮಾಮೂಲಿ ನೀರು ಹಾಕಿ, ಹೊಟ್ಟೆ ಪಾದ ನೆನೆಸಿ, ಫ್ಯಾನ್ ಬಿಡಿ, ಐಸ್ ಬೇಡ, ನೀರು ಬಲವಂತವಾಗಿ ಕುಡಿಸಬೇಡಿ, ಗಾಡಿ ಹತ್ತಿಸಿ ಡಾಕ್ಟರ್ ಹತ್ರ ಹೊರಡಿ, ದಾರೀಲೂ ಒದ್ದೆ ಬಟ್ಟೆಲಿ ಒರೆಸ್ತಾ ಇರಿ.

ಮದ್ದೂರಿನವ್ರು ಶೀಟ್ ಕಿತ್ತಿಲ್ಲ. ಮೇಲೆ ಗ್ಯಾಪ್ ಬಿಟ್ಟು ಸೋಗೆ ಕಟ್ಟಿದ್ರು, ಎರಡು ಕಡೆ ಕಿಂಡಿ ಹೊಡೆಸಿದ್ರು, ಬಾಗಿಲು ಪಡುವಲು ಕಡೆ ಇತ್ತು, ಅದನ್ನ ಮುಚ್ಚಿ ಮೂಡಲಿಗೆ ತೆಗೆಸಿದ್ರು. ಮೊನ್ನೆ ಫೋನ್ ಮಾಡಿ "ಹಗಲೊತ್ತು ಒಳಿಕ್ಕೋಯ್ತದೆ ಕಣಣ್ಣ, ರಾತ್ರಿ ಇನ್ನೂ ಟ್ರೈಲರ್ ಕೆಳ್ಗೇ" ಅಂದ್ರು. ನೆಲ ಹೆಂಗಿದೆ ಅಂತ ಕೇಳ್ದೆ. ನೆಲ ಇನ್ನೂ ಮಣ್ಣೇ ಅಂತೆ.